ಬಣ್ಣದ ಗಾಜಿನ ನವಾಬ: ಮೂರನೆಯ ಸಾಲಾರ್ ಜಂಗ್

ಸಂಗ್ರಹಿಸುವ ಹವ್ಯಾಸ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ಬಾಲಕನು ಬಳೆಚೂರನ್ನೂ ಹೊಳೆದಂಡೆಯ ಹರಳನ್ನೂ ಜೇಬಿಗಿಳಿಸುತ್ತಾನೆ. ವಿದ್ಯಾರ್ಥಿಯು ಅಂಚೆಚೀಟಿಗಳನ್ನು ಕೂಡಿಡುತ್ತಾನೆ. ಶ್ರೀಮಂತನು ಚಿತ್ರಗಳನ್ನೂ ಪ್ರತಿಮೆಗಳನ್ನೂ ಕೊಳ್ಳುತ್ತಾನೆ. ಇವರೆಲ್ಲರಲ್ಲಿ ಗಾಜಿನ ಪಾತ್ರೆಗಳನ್ನು ಸಂಗ್ರಹಿಸುವವನ ಎದೆಗಾರಿಕೆಯೇ ಬೇರೆ. ಚಿನ್ನದ ಬಟ್ಟಲು ಕೈಜಾರಿದರೆ ಸೊಟ್ಟಗಾದೀತು, ಆದರೂ ಚಿನ್ನವಾಗಿಯೇ ಉಳಿದೀತು. ಗಾಜಿನ ಬಟ್ಟಲು ಬಿದ್ದರೆ ಅದರ ಬೆಲೆಯೂ ಚೆಲುವೂ ಒಂದೇ ಕ್ಷಣದಲ್ಲಿ ಮುಗಿದುಹೋಗುತ್ತವೆ. ಇಂತಹ ವಸ್ತುಗಳನ್ನು ದೇಶದೇಶಗಳಿಂದ ತರಿಸಿ, ಒಂದು ನಾಡಿಗೆ ಬಿಟ್ಟುಹೋದ ಮಹನೀಯರು ಹೈದರಾಬಾದಿನ ನವಾಬ ಮೀರ್ ಯೂಸುಫ್ ಅಲಿ ಖಾನರು. ಲೋಕಕ್ಕೆ ಅವರು ಮೂರನೆಯ ಸಾಲಾರ್ ಜಂಗ್ ಎಂದೇ ಪರಿಚಿತರು.

ಯೂಸುಫ್ ಅಲಿ ಖಾನರು ೧೮೮೯ನೆಯ ಇಸವಿಯ ಜೂನ್ ೧೩ರಂದು ಪುಣೆಯಲ್ಲಿ ಜನಿಸಿದರು. ಅವರ ಅಜ್ಜ ಮೊದಲನೆಯ ಸಾಲಾರ್ ಜಂಗ್, ೧೮೫೩ರಿಂದ ೧೮೮೩ರವರೆಗೆ ಮೂವತ್ತು ವರ್ಷ ನಿಜಾಮ ಸಂಸ್ಥಾನದ ದಿವಾನರಾಗಿದ್ದು, ಅದರ ಆಡಳಿತವನ್ನು ಹದಕ್ಕೆ ತಂದ ಧೀಮಂತರು. ತಂದೆ ಲಾಯಕ್ ಅಲಿ ಖಾನರೂ ದಿವಾನಗಿರಿ ನಡೆಸಿದವರೇ. ಆದರೆ ಮಗು ಹುಟ್ಟಿ ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡರು. ತೊಟ್ಟಿಲಲ್ಲಿದ್ದ ಶಿಶುವೇ ಆ ದೊಡ್ಡ ಮನೆತನಕ್ಕೆ ವಾರಸುದಾರನಾಯಿತು. ಮನೆತನದ ಜಹಗೀರಿನಲ್ಲಿ ನಮ್ಮ ಕೊಪ್ಪಳ, ಯಲಬುರ್ಗಾ ಸೀಮೆಗಳೂ ಸೇರಿದ್ದವೆಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು. ಎರೆಭೂಮಿಯಲ್ಲಿ ಜೋಳ ಬೆಳೆದ ಒಕ್ಕಲಿಗನು ಕಟ್ಟಿದ ಕಂದಾಯ ಹೈದರಾಬಾದಿನ ದಿವಾನ್ ದೇವಡಿಗೆ ಹೋಗಿ ಸೇರುತ್ತಿತ್ತು.

೧೯೧೨ರಲ್ಲಿ ಏಳನೆಯ ನಿಜಾಮರು ಇಪ್ಪತ್ತಮೂರು ವರ್ಷದ ಈ ತರುಣನನ್ನು ತಮ್ಮ ಪ್ರಧಾನಮಂತ್ರಿಯಾಗಿ ನೇಮಿಸಿದರು. ಅಜ್ಜನ ಪೀಠ ಮೊಮ್ಮಗನಿಗೆ ದೊರೆಯಿತೆಂದು ಹಲವರು ಹಿಗ್ಗಿದರು. ಆ ಹಿಗ್ಗು ಬಹುಕಾಲ ನಿಲ್ಲಲಿಲ್ಲ. ೧೯೧೪ರ ಕೊನೆಯ ಹೊತ್ತಿಗೆ ಅವರು ಅಧಿಕಾರವನ್ನು ಬಿಟ್ಟುಕೊಟ್ಟರು. ನಿಜಾಮರು ಆಡಳಿತವನ್ನು ಸ್ವತಃ ಕೈಗೆತ್ತಿಕೊಂಡರು. ಇಪ್ಪತ್ತೈದನೆಯ ವಯಸ್ಸಿಗೆ ರಾಜಕೀಯ ಜೀವನ ಮುಗಿದುಹೋದ ಶ್ರೀಮಂತನೊಬ್ಬನು ಜೂಜಿನಲ್ಲೋ ಬೇಟೆಯಲ್ಲೋ ದಿನ ಕಳೆದಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಯೂಸುಫ್ ಅಲಿ ಖಾನರು ಬೇರೊಂದು ಹಾದಿ ಹಿಡಿದರು. ಅವರು ಮದುವೆಯಾಗಲಿಲ್ಲ. ಮುಂದಿನ ಮೂವತ್ತೈದು ವರ್ಷಗಳ ಕಾಲ ತಮ್ಮ ಆದಾಯದ ಬಹುಪಾಲನ್ನು ಕಲಾವಸ್ತುಗಳಿಗೂ ಗ್ರಂಥಗಳಿಗೂ ಸುರಿದರು.

ಸಂಗ್ರಹದ ಬೀಜ ಮನೆಯಲ್ಲೇ ಇತ್ತು. ಇಂದು ಪ್ರೇಕ್ಷಕರನ್ನು ಬೆರಗುಗೊಳಿಸುವ, ಬೆನ್ಜೋನಿ ಕಡೆದ ಮುಸುಕುಧಾರಿಣಿ ರೆಬೆಕ್ಕಳ ಅಮೃತಶಿಲೆಯ ಪ್ರತಿಮೆಯನ್ನು ೧೮೭೬ರಲ್ಲಿ ರೋಮಿನಿಂದ ಕೊಂಡುತಂದವರು ಅಜ್ಜನವರೇ. ಬಾಲಕ ಯೂಸುಫ್ ಬೆಳೆದ ದಿವಾನ್ ದೇವಡಿಯಲ್ಲಿ ಗೋಡೆಗೋಡೆಗೂ ಕನ್ನಡಿ ಮೆರೆಯುವ ಆಯಿನಾ ಖಾನೆಯೂ ಇತ್ತು. ಆದರೆ ಮೊಮ್ಮಗನ ಕಾಲಕ್ಕೆ ಆ ಬೀಜ ಹೆಮ್ಮರವಾಯಿತು. ನವಾಬರು ಕೊಳ್ಳುತ್ತಾರೆಂಬ ಸುದ್ದಿ ಹಬ್ಬಿದೊಡನೆ ವ್ಯಾಪಾರಿಗಳು ದೇವಡಿಯ ಬಾಗಿಲಿಗೆ ಬರತೊಡಗಿದರು. ಪರದೇಶಗಳ ಅಂಗಡಿಗಳಿಂದ ಪಟ್ಟಿಗಳು ಬರುತ್ತಿದ್ದವು. ಅವರೇ ಯೂರೋಪಿಗೂ ಪಶ್ಚಿಮ ಏಷ್ಯಕ್ಕೂ ಪ್ರವಾಸ ಹೋದಾಗ ಆರಿಸಿ ಕೊಳ್ಳುತ್ತಿದ್ದರು.

ಹೀಗೆ ಬಂದ ಸಾಮಗ್ರಿಯಲ್ಲಿ ಬಣ್ಣದ ಗಾಜಿನದು ವಿಶಿಷ್ಟ ಸ್ಥಾನ. ವೆನಿಸ್, ಬೊಹೀಮಿಯ, ಇಂಗ್ಲೆಂಡು, ಫ್ರಾನ್ಸುಗಳ ಹೂಜಿಗಳು, ಬಟ್ಟಲುಗಳು, ಹೂದಾನಿಗಳು, ತೂಗುದೀಪಗಳು, ಜೊತೆಗೆ ನಮ್ಮ ದೇಶದ ಗುಡಗುಡಿಯ ಬುಡಗಳು ಅಲ್ಲಿ ಒಂದಾಗಿ ಸೇರಿದವು. ಇವುಗಳ ಬೆಲೆ ತಿಳಿಯಬೇಕಾದರೆ ಗಾಜಿನ ಕಸುಬನ್ನು ಸ್ವಲ್ಪ ಅರಿಯಬೇಕು. ಮರಳು, ಕ್ಷಾರ, ಸುಣ್ಣ ಇವನ್ನು ಕುಲುಮೆಯಲ್ಲಿ ಕರಗಿಸಿದರೆ ಗಾಜಾಗುತ್ತದೆ; ಅದಕ್ಕೆ ಬಣ್ಣ ಕೊಡುವುದು ಲೋಹ. ಕೋಬಾಲ್ಟು ಬೆರೆಸಿದರೆ ಗಾಢವಾದ ನೀಲಿ, ಕಬ್ಬಿಣದಿಂದ ಹಸಿರು, ಮ್ಯಾಂಗನೀಸಿನಿಂದ ನೇರಳೆ. ಮಾಣಿಕ್ಯದ ಕೆಂಪಿಗೆ ಚಿನ್ನವನ್ನೂ ಬೆರೆಸುವುದುಂಟು. ಚಿನ್ನ ಬೆರೆತ ಗಾಜು ಮೊದಲು ಬಣ್ಣವಿಲ್ಲದೆ ಇರುತ್ತದೆ. ಮತ್ತೆ ಹದವಾಗಿ ಕಾಯಿಸಿದಾಗಲೇ ಕೆಂಪು ಮೂಡುತ್ತದೆ. ಹದ ತಪ್ಪಿದರೆ ಚಿನ್ನವೂ ಶ್ರಮವೂ ವ್ಯರ್ಥ.

ವೆನಿಸಿನವರು ೧೨೯೧ರಲ್ಲಿ ಬೆಂಕಿಯ ಭಯದಿಂದ ತಮ್ಮ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಿ, ಊದಿ ಮಾಡುವ ತೆಳುಗಾಜಿನಲ್ಲಿ ಯೂರೋಪಿಗೇ ಗುರುಗಳಾದರು. ಬೊಹೀಮಿಯದವರು ಕಾಡಿನ ಮರದ ಬೂದಿಯಿಂದ ಕ್ಷಾರ ತೆಗೆದು, ಕೊರೆಯಲು ಒದಗುವ ದಪ್ಪ ಗಾಜನ್ನು ಮಾಡಿದರು. ತಿಳಿಗಾಜಿನ ಮೇಲೆ ಬಣ್ಣದ ಗಾಜಿನ ಪದರ ಹೊದಿಸಿ, ಮೇಲಿನದನ್ನು ಅಲ್ಲಲ್ಲಿ ಕೊರೆದು ಒಳಗಿನ ಬೆಳಕನ್ನು ಹೊರಗೆ ಬಿಡುವುದು ಅವರ ಕೈಚಳಕ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಕಾರಖಾನೆಗಳು ನಮ್ಮ ರಾಜರ, ನವಾಬರ ಅಭಿರುಚಿಗೆ ತಕ್ಕಂತೆ ಗುಡಗುಡಿಯ ಬುಡಗಳನ್ನೂ ಪನ್ನೀರುದಾನಿಗಳನ್ನೂ ಮಾಡಿ ಭಾರತಕ್ಕೆ ಕಳುಹಿಸಿದವು. ಆದುದರಿಂದ ಹೈದರಾಬಾದಿನ ಕಪಾಟಿನಲ್ಲಿ ನಿಂತ ಪರದೇಶದ ಗಾಜೆಲ್ಲ ನಮಗೆ ಪೂರ್ತಿ ಪರಕೀಯವಲ್ಲ.

ನವಾಬರ ಸಂಗ್ರಹವನ್ನು ಟೀಕಿಸುವವರೂ ಉಂಟು. ಶ್ರೇಷ್ಠ ವಸ್ತುವಿನ ಪಕ್ಕದಲ್ಲೇ ಸಾಮಾನ್ಯ ವಸ್ತುವೂ, ಮೂಲಕೃತಿಗಳ ನಡುವೆ ನಕಲುಗಳೂ ಸೇರಿಕೊಂಡಿವೆ ಎಂಬ ಮಾತು ಸುಳ್ಳಲ್ಲ. ಕಂಡದ್ದನ್ನೆಲ್ಲ ಪ್ರೀತಿಸುವ ಕಣ್ಣು ಅವರದು. ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಆ ಹಣ ಎಲ್ಲಿಯದು? ಮಳೆ ಕೈಕೊಟ್ಟರೆ ಹಸಿವನ್ನೇ ಉಣ್ಣಬೇಕಾದ ಸೀಮೆಯ ಕಂದಾಯವು ಮಾಣಿಕ್ಯವರ್ಣದ ಬಟ್ಟಲಾಗಿ ಅರಮನೆಯ ಕಪಾಟಿನಲ್ಲಿ ಕುಳಿತದ್ದು ನ್ಯಾಯವೇ? ಜಹಗೀರುದಾರಿಯನ್ನು ಸಮರ್ಥಿಸುವ ಕಾರಣ ಯಾವುದೂ ನಮಗಿಲ್ಲ. ಆ ಬಟ್ಟಲು ಮುಂದೆ ಯಾರ ಪಾಲಾಯಿತು ಎಂಬುದನ್ನು ನೋಡಿದ ಮೇಲೆ ಮಾತ್ರ ನಮ್ಮ ತೀರ್ಪು ಕೊಂಚ ಮೆತ್ತಗಾಗಬಹುದು.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ೧೯೪೯ರ ಮಾರ್ಚ್ ೨ರಂದು ನವಾಬರು ಮರಣಹೊಂದಿದರು. ಅದೇ ವರ್ಷದ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. ನೇರ ವಾರಸುದಾರರಿಲ್ಲದ ಆಸ್ತಿಗೆ ಬಂಧುಗಳ ಹಕ್ಕುದಾರಿಕೆಗಳು ಎದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಂತೆ, ಮೂರು ತಲೆಮಾರು ಕೂಡಿಸಿದ ಸಂಗ್ರಹ ಹರಾಜಿನಲ್ಲಿ ಚೂರುಚೂರಾಗಿ ಹಂಚಿಹೋಗುವ ಸಂಭವವಿತ್ತು. ಅದೃಷ್ಟವಶಾತ್ ಹಾಗಾಗಲಿಲ್ಲ. ಆಸ್ತಿಯನ್ನು ನೋಡಿಕೊಳ್ಳಲು ಸರ್ಕಾರ ಸಮಿತಿಯೊಂದನ್ನು ನೇಮಿಸಿತು; ಆಗ ಮುಖ್ಯ ಆಡಳಿತಗಾರರಾಗಿದ್ದ ವೆಲ್ಲೋಡಿಯವರು ಸಂಗ್ರಹಾಲಯದ ವಿಚಾರಕ್ಕೆ ಬೆಂಬಲವಿತ್ತರು; ಕಲಾಮರ್ಮಜ್ಞರಾದ ಜೇಮ್ಸ್ ಕಸಿನ್ಸ್ ಅವರು ವಸ್ತುಗಳನ್ನು ವಿಂಗಡಿಸಿ ಜೋಡಿಸಲು ನೆರವಾದರು. ೧೯೫೧ರ ಡಿಸೆಂಬರ್ ೧೬ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ದಿವಾನ್ ದೇವಡಿಯಲ್ಲಿಯೇ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ತೆರೆದರು. ೧೯೫೮ರಲ್ಲಿ ವಾರಸುದಾರರು ರಾಜಿಯಾಗಿ ಸಂಗ್ರಹವನ್ನು ಭಾರತ ಸರ್ಕಾರಕ್ಕೆ ಒಪ್ಪಿಸಿದರು. ೧೯೬೧ರಲ್ಲಿ ಸಂಸತ್ತು ಕಾಯಿದೆ ಮಾಡಿ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ೧೯೬೮ರಲ್ಲಿ ಮೂಸಿ ನದಿಯ ದಡದ ಹೊಸ ಕಟ್ಟಡಕ್ಕೆ ಎಲ್ಲವನ್ನೂ ಸಾಗಿಸಲಾಯಿತು. ಹಳೆಯ ದೇವಡಿಯ ಬಹುಭಾಗ ಇಂದು ಉಳಿದಿಲ್ಲ. ಕಲ್ಲುಗಾರೆಯ ಅರಮನೆ ಹೋಗಿ, ಒಡೆಯುವ ಗಾಜು ಉಳಿಯಿತು.

ನಲವತ್ತು ಸಾವಿರಕ್ಕೂ ಮಿಕ್ಕ ವಸ್ತುಗಳಿರುವ ಆ ಸಂಗ್ರಹಾಲಯದಲ್ಲಿ ಜನರೆಲ್ಲ ಸಂಗೀತದ ಗಡಿಯಾರದ ಮುಂದೆ ನೆರೆಯುತ್ತಾರೆ. ಹೈದರಾಬಾದಿಗೆ ಹೋಗುವ ನಮ್ಮ ವಿದ್ಯಾರ್ಥಿಮಿತ್ರರು ಅದನ್ನು ನೋಡಲಿ. ಆಮೇಲೆ ಗಾಜಿನ ಕೋಣೆಗೂ ತಪ್ಪದೆ ಹೋಗಲಿ. ಅಲ್ಲಿಯ ಒಂದು ಕೆಂಪು ಬಟ್ಟಲಿನಲ್ಲಿ ಬೊಹೀಮಿಯದ ಕುಲುಮೆಗಾರನ ಉಸಿರಿದೆ, ಒಬ್ಬಂಟಿ ನವಾಬರೊಬ್ಬರ ಅಕ್ಕರೆಯಿದೆ, ಕೊಪ್ಪಳದ ಒಕ್ಕಲಿಗನ ಬೆವರೂ ಇದೆ. ಅಂದು ಅರಮನೆಯ ಅತಿಥಿಗಳಷ್ಟೇ ಕಂಡಿದ್ದ ಆ ಬಟ್ಟಲನ್ನು ಇಂದು ಆ ಒಕ್ಕಲಿಗನ ಮೊಮ್ಮಗನು ಚೀಟಿ ಕೊಂಡು ಒಳಗೆ ಹೋಗಿ, ತನಗೆ ಬೇಕಾದಷ್ಟು ಹೊತ್ತು ನಿಂತು ನೋಡಬಹುದು.