ಬಾರಾಮಹಲಿಗೆ ಬಂದ ಮನ್ರೋ ಸಾಹೇಬ

ಕಾನೂನಿಲ್ಲದ ಗಡಿ ಸೀಮೆಗೆ ಹೊಸಬನೊಬ್ಬ ಕುದುರೆಯೇರಿ ಬರುತ್ತಾನೆ. ದೂರದೂರಿನಲ್ಲಿ ಅವನ ಕುಟುಂಬ ಕಷ್ಟದಲ್ಲಿರುತ್ತದೆ. ಇಂಥ ಕಥೆಗಳು ಇಂಗ್ಲಿಷ್ ಕಾದಂಬರಿ, ಸಿನಿಮಾಗಳಲ್ಲಿ ಬೇಕಾದಷ್ಟಿವೆ. ಅದೆಲ್ಲ ಅಮೆರಿಕದ ಮಾತು ಅಂತ ನಾವು ಸುಮ್ಮನಾಗುತ್ತೇವೆ. ಆದರೆ ಕೃಷ್ಣಗಿರಿ-ಧರ್ಮಪುರಿ ಸೀಮೆಯಲ್ಲೂ ಅಂಥ ಒಬ್ಬನಿದ್ದ. ಅವನ ಹೆಸರು ಥಾಮಸ್ ಮನ್ರೋ. ಅವನು ಇಲ್ಲಿ ಹೆಸರು ಮಾಡಿದ್ದು ಕೋವಿಯಿಂದಲ್ಲ, ಹೊಲದ ಅಳತೆ ಮತ್ತು ಲೆಕ್ಕದ ಪುಸ್ತಕದಿಂದ.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ತಂದೆ ಅಮೆರಿಕದ ವರ್ಜೀನಿಯಾ ಜೊತೆ ವ್ಯಾಪಾರ ಮಾಡುತ್ತಿದ್ದರು. ಅಲ್ಲಿಯವರು ಇಂಗ್ಲೆಂಡಿನ ವಿರುದ್ಧ ಯುದ್ಧಕ್ಕೆ ನಿಂತಾಗ ಬರಬೇಕಾದ ಬಾಕಿಯೆಲ್ಲ ಅಲ್ಲೇ ಮುಳುಗಿತು. ಉದ್ದರಿ ಕೊಟ್ಟ ಊರಿಗೇ ಬೆಂಕಿ ಬಿದ್ದರೆ ಅಂಗಡಿಯವನ ಗತಿ ಏನಾಗುತ್ತದೆ ಅನ್ನೋದನ್ನು ನಮ್ಮ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಡಗು ಹತ್ತಿದ ಮಗ ಕಂಪನಿಯ ಸೈನ್ಯದ ಕೆಡೆಟ್ ಆಗಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. ಆಗ ಅವನಿಗೆ ಹದಿನೆಂಟು ವರ್ಷ. ಅದೇ ವರ್ಷ ಹೈದರಾಲಿ ದೊಡ್ಡ ದಂಡು ಕಟ್ಟಿಕೊಂಡು ಘಟ್ಟ ಇಳಿದ. ಹುಡುಗ ನೇರ ಯುದ್ಧಕ್ಕೇ ಬಿದ್ದ. ಸಂಬಳ ಚಿಕ್ಕದು. ಆದರೂ ಅವನೂ, ಹಿಂದೂಸ್ಥಾನಕ್ಕೆ ಬಂದಿದ್ದ ತಮ್ಮ ಅಲೆಕ್ಸಾಂಡರನೂ ಸೇರಿ ಊರಿಗೆ ಹಣ ಕಳಿಸುತ್ತಾ ಬಂದರು.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಸುಲ್ತಾನ್ ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಇಲ್ಲೊಂದು ವಿಷಯ ಗಮನಿಸಬೇಕು. ಘಟ್ಟದ ಕೆಳಗಿನ ಕೃಷ್ಣಗಿರಿ ಕಂಪನಿಗೆ ಹೋಯಿತು, ಘಟ್ಟದ ಮೇಲಿನ ನಮ್ಮ ಹೊಸೂರು ಟಿಪ್ಪುವಿನ ಕೈಯಲ್ಲೇ ಉಳಿಯಿತು. ಹೀಗೆ ಏಳು ವರ್ಷ, 1799ರಲ್ಲಿ ಟಿಪ್ಪು ಮಡಿಯುವವರೆಗೂ, ಎರಡು ರಾಜ್ಯಗಳ ಗಡಿ ಇದೇ ಸೀಮೆಯಲ್ಲಿ ಹಾದುಹೋಗಿತ್ತು. ರಾಯಕೋಟೆ ಕಂಪನಿಯ ಗಡಿ ಠಾಣೆಯಾಗಿತ್ತು.

ಹೊಸ ಸೀಮೆಯ ಆಡಳಿತ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಕೈಗೆ ಬಂತು. ಅವನ ಸಹಾಯಕರಲ್ಲಿ ಮನ್ರೋ ಒಬ್ಬ. ಧರ್ಮಪುರಿಯಲ್ಲಿ ನೆಲೆಸಿ ಊರೂರು ತಿರುಗಿದ. ಹೊಲ ಹೊಲ ಅಳೆದು, ಇದು ಖುಷ್ಕಿ, ಇದು ತರಿ ಅಂತ ಬರೆಸಿ, ಕಂದಾಯ ಗೊತ್ತು ಮಾಡುವ ಕೆಲಸ ನಡೆಯಿತು. ಮೊದಲು ಐದು ವರ್ಷದ ಗುತ್ತಿಗೆ ಅಂತ ಯೋಚಿಸಿದ್ದರು. ಅದು ರೈತನಿಗೆ ಒಗ್ಗಲಿಲ್ಲ. ಕೊನೆಗೆ ರೀಡ್ 1796ರಲ್ಲಿ, ರೈತ ವರ್ಷ ವರ್ಷ ತನಗೆ ಬೇಕಾದ ಹೊಲ ಇಟ್ಟುಕೊಳ್ಳಬಹುದು, ಬೇಡವಾದದ್ದನ್ನು ಬಿಡಬಹುದು ಅಂತ ಸಾರಿದ. ನಡುವೆ ಜಮೀನ್ದಾರನಿಲ್ಲದೆ ಸರ್ಕಾರ ನೇರ ರೈತನ ಜೊತೆ ವ್ಯವಹರಿಸುವ ರೈತವಾರಿ ಪದ್ಧತಿ ಬೇರು ಬಿಟ್ಟದ್ದು ಹೀಗೆ. ದಾರಿ ತೋರಿಸಿದವನು ರೀಡ್. ಅದನ್ನು ಹಿಡಿದು ಕೊನೆವರೆಗೆ ಹೋರಾಡಿದವನು ಮನ್ರೋ.

ಇದನ್ನು ಬರೀ ದಯೆ ಅಂತ ನಾನು ಹೇಳುವುದಿಲ್ಲ. ಗಡಿ ಹತ್ತಿರ ಇದ್ದರೆ, ಹಿಂಸೆ ತಾಳದ ರೈತ ರಾತ್ರೋರಾತ್ರಿ ಎತ್ತು ಹೊಡೆದುಕೊಂಡು ಆಚೆ ರಾಜ್ಯಕ್ಕೆ ಹೋಗಿಬಿಡಬಹುದು. ಬೀಳು ಬಿದ್ದ ಹೊಲದಿಂದ ಕಂದಾಯ ಹುಟ್ಟುವುದಿಲ್ಲ. ಇನ್ನೊಂದು ಮಾತೂ ಇದೆ. ಮನ್ರೋ ಊರಿಗೆ ಕಳಿಸಿದ ಹಣ ಅವನ ಸಂಬಳದ್ದು, ಆ ಸಂಬಳ ರೈತರು ಕಟ್ಟಿದ ಕಿಸ್ತಿನದು. ಗ್ಲಾಸ್ಗೋದ ಒಬ್ಬ ಮಗ ತಂದೆ-ತಾಯಿಯ ಋಣ ತೀರಿಸಿದ್ದು ನಮ್ಮವರ ರಾಗಿ ಹೊಲದಿಂದ. ಅವನ ಒಳ್ಳೆಯತನವೂ ನಿಜ, ಈ ಲೆಕ್ಕವೂ ನಿಜ.

1799ರಲ್ಲಿ ಅವನನ್ನು ಕೆನರಾಕ್ಕೆ ಕಳಿಸಿದರು. ಧರ್ಮಪುರಿಯ ತೋಟವನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಿರಲಿಲ್ಲ. ಆಮೇಲೆ 1800ರಿಂದ ಏಳು ವರ್ಷ ಬಳ್ಳಾರಿ, ಅನಂತಪುರ, ಕಡಪ ಸೀಮೆಯಲ್ಲಿ ಕಲೆಕ್ಟರಿಕೆ. ಅಲ್ಲಿ ಪಾಳೇಗಾರರನ್ನು ಅಡಗಿಸಿದ. ಕಂದಾಯ ಭಾರವಾಗಿದೆ, ಕಾಲು ಭಾಗ ಇಳಿಸಿ ಅಂತ 1807ರಲ್ಲಿ ಮೇಲಿನವರಿಗೆ ಬರೆದ. ಅವರು ಕೇಳಲಿಲ್ಲ. ಅದು ಇಳಿದದ್ದು ಅವನೇ ಗವರ್ನರ್ ಆದ ಮೇಲೆ. ಇತ್ತ ಬಾರಾಮಹಲಿನಲ್ಲಿ ಅವನು ಹೋದ ಕೆಲವೇ ವರ್ಷಕ್ಕೆ ಹಳ್ಳಿಗಳನ್ನು ಮಿಟ್ಟಾಗಳಾಗಿ ಹರಾಜು ಹಾಕಿದರು. ಎಷ್ಟೋ ಮಿಟ್ಟಾದಾರರು ಬಾಕಿ ಬಿದ್ದು ಮುಳುಗಿದರು. ಮನ್ರೋ ಮಾತೇ ಸರಿ ಅಂತ ಆಮೇಲೆ ಗೊತ್ತಾಯಿತು.

1808ರಲ್ಲಿ, ಇಪ್ಪತ್ತೆಂಟು ವರ್ಷದ ಮೇಲೆ ಊರು ಮುಟ್ಟಿದಾಗ ತಾಯಿ ತೀರಿಕೊಂಡಿದ್ದರು. ಇಷ್ಟು ವರ್ಷ ತಪ್ಪದೆ ಹಣ ಕಳಿಸಿದ ಮಗನಿಗೆ ತಾಯಿಯ ಮುಖ ಕಾಣುವ ಪುಣ್ಯ ಸಿಗಲಿಲ್ಲ.

1814ರಲ್ಲಿ ಮದುವೆಯಾಗಿ ಮತ್ತೆ ಮದರಾಸಿಗೆ ಬಂದ. 1816ರ ಕಾನೂನುಗಳಲ್ಲಿ ಅವನ ಕೈವಾಡ ದೊಡ್ಡದು. 10 ರೂಪಾಯಿ ಒಳಗಿನ ತಂಟೆಯನ್ನು ಊರ ಮುಖಂಡನೇ ತೀರಿಸಬಹುದು ಅಂತಾಯಿತು, ಪಂಚಾಯ್ತಿಗೂ ಬೆಲೆ ಬಂತು. ಹಳ್ಳಿಯವನು ದೂರದ ಕೋರ್ಟಿಗೆ ಅಲೆದು ಹಾಳಾಗಬಾರದು ಅನ್ನೋದು ಅವನ ವಾದ. 1820ರಲ್ಲಿ ಮದರಾಸಿನ ಗವರ್ನರ್ ಆದ. ರೈತವಾರಿ ಪ್ರಾಂತ್ಯದ ಬಹುಭಾಗದ ಪದ್ಧತಿಯಾಯಿತು.

1826ರಲ್ಲಿ ಮಗುವಿಗೆ ಕಾಯಿಲೆಯಾಗಿ ಹೆಂಡತಿ ಅದನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟಳು. ತಾನೂ ಹೊರಡುವ ಮುಂಚೆ ಹಳೇ ಸೀಮೆಯನ್ನು ಒಮ್ಮೆ ನೋಡಿ ಬರೋಣ ಅಂತ ಹೋದ ಮನ್ರೋ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ. ಗುತ್ತಿಯಲ್ಲಿ ಮಣ್ಣು ಮಾಡಿದರು. ನಾಲ್ಕು ವರ್ಷದ ಮೇಲೆ ಅಸ್ಥಿಯನ್ನು ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಒಯ್ದರು.

ಚೆನ್ನೈಗೆ ಲೋಡು ಹೊಡೆಯುವ ನಮ್ಮವರು ಐಲೆಂಡ್ ಮೈದಾನದ ಹತ್ತಿರ ಅವನ ಕುದುರೆ ಪ್ರತಿಮೆ ನೋಡಿರುತ್ತಾರೆ. ಕುದುರೆಗೆ ಜೀನಿಲ್ಲ, ರಿಕಾಪಿಲ್ಲ ಅಂತ ನಗುವವರೇ ಹೆಚ್ಚು. ನಾನು ಹೇಳುವುದಿಷ್ಟು: ಪಟ್ಟಾದಲ್ಲಿ ಜಮೀನ್ದಾರನ ಹೆಸರಿಲ್ಲದೆ ಉಳುವವನ ಹೆಸರೇ ಇರಬೇಕು ಅನ್ನೋ ಮಾತು ಗಟ್ಟಿಯಾದದ್ದು ನಮ್ಮ ಈ ಸೀಮೆಯಲ್ಲಿ. ತಾಲ್ಲೂಕು ಕಚೇರಿಯಲ್ಲಿ ಪಟ್ಟಾ, ಚಿಟ್ಟಾ ತೆಗೆಸುವಾಗ ಅದರಲ್ಲಿ ನಿಮ್ಮ ಹೆಸರು ಸರಿಯಾಗಿದೆಯೋ ಇಲ್ಲವೋ ಒಮ್ಮೆ ನೋಡಿಕೊಳ್ಳಿ. ತಂದೆ ಹೆಸರಲ್ಲೇ ಉಳಿದಿದ್ದರೆ ಮಕ್ಕಳ ಕಾಲಕ್ಕೆ ತಂಟೆ ಬೆಳೆಸದೆ ಈಗಲೇ ಮಾಡಿಸಿಕೊಳ್ಳಿ.