ಬೆದರುಗೊಂಬೆಗೆ ಜೀವ ತುಂಬಿದವನು

ಹೊಲದ ಬೆದರುಗೊಂಬೆಯನ್ನು ರಂಗಕ್ಕೆ ಕರೆತಂದು ಹಾಡಿಸಿ ಕುಣಿಸಿದವರ ಮಾತು ಬಂದಾಗ ನನಗೆ ಮೊದಲು ನೆನಪಾಗುವವನು ಅಮೆರಿಕದ ಎಲ್. ಫ್ರಾಂಕ್ ಬಾಮ್. ಲೋಕವು ಅವನನ್ನು ಮಕ್ಕಳ ಕತೆಗಾರನೆಂದೇ ಬಲ್ಲದು; ಆದರೆ ಅವನ ಎಳೆತನದ ಮೋಹ ನಾಟಕ.

1856ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಚಿಟೆನಾಂಗೊದಲ್ಲಿ ಅವನು ಹುಟ್ಟಿದನು. ಬೆದರುಗೊಂಬೆಯೊಂದು ಬೆನ್ನಟ್ಟಿ ಬರುವ ಕನಸು ಕಂಡು ಬಾಲ್ಯದಲ್ಲಿ ಬೆಚ್ಚುತ್ತಿದ್ದನೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. 1882ರಲ್ಲಿ ತಾನೇ ನಾಟಕ ಬರೆದು, ಹಾಡು ಕಟ್ಟಿ, ನಾಯಕನ ಪಾತ್ರವನ್ನೂ ವಹಿಸಿದನು. ಅದೇ ವರ್ಷ, ಸ್ತ್ರೀಯರ ಹಕ್ಕಿಗಾಗಿ ಹೋರಾಡಿದ ಮಟಿಲ್ಡಾ ಜೋಸ್ಲಿನ್ ಗೇಜ್ ಅವರ ಮಗಳು ಮಾಡ್‌ಳನ್ನು ವರಿಸಿದನು. ರಂಗಭೂಮಿ ಕೈಬಿಟ್ಟ ಮೇಲೆ 1888ರಲ್ಲಿ ಡಕೋಟದ ಆಬರ್ಡೀನಿಗೆ ಹೋಗಿ ಅಂಗಡಿಯಿಟ್ಟನು. ಅದು ಮುಳುಗಲು, ಪತ್ರಿಕೆಯೊಂದನ್ನು ನಡೆಸತೊಡಗಿದನು.

ಇಲ್ಲಿ ನನ್ನ ಲೇಖನಿ ತಡೆಯುತ್ತದೆ. 1890ರ ಡಿಸೆಂಬರಿನಲ್ಲಿ ಒಮ್ಮೆ, ವೂಂಡೆಡ್ ನೀ ಹತ್ಯಾಕಾಂಡದ ಬೆನ್ನಿಗೇ 1891ರ ಜನವರಿಯಲ್ಲಿ ಇನ್ನೊಮ್ಮೆ, ಆ ನೆಲದ ಮೂಲನಿವಾಸಿಗಳನ್ನು ನಿರ್ಮೂಲ ಮಾಡಬೇಕೆಂದು ಅವನು ಸಂಪಾದಕೀಯ ಬರೆದನು.

ಪತ್ರಿಕೆಯೂ ಉಳಿಯಲಿಲ್ಲ. ಷಿಕಾಗೊ ಸೇರಿದ ಬಾಮ್, 1900ರಲ್ಲಿ ಡೆನ್ಸ್‌ಲೋನ ಚಿತ್ರಗಳೊಡನೆ ಆಜ್ ನಾಡಿನ ಮಾಂತ್ರಿಕನ ಕತೆಯನ್ನು ಪ್ರಕಟಿಸಿದನು. ಅದರಲ್ಲಿ ಹುಲ್ಲು ತುಂಬಿದ ಬೆದರುಗೊಂಬೆ ತನಗೆ ಮಿದುಳಿಲ್ಲವೆಂದು ಕೊರಗುತ್ತದೆ. ಆದರೆ ದಾರಿಯಲ್ಲಿ ಸಂಕಟ ಬಂದಾಗಲೆಲ್ಲ ಉಪಾಯ ಹೊಳೆಯುವುದು ಅದಕ್ಕೇ. 1902ರ ಜೂನ್ 16ರಂದು ಇದು ಷಿಕಾಗೊದಲ್ಲಿ ಸಂಗೀತನಾಟಕವಾಗಿ ರಂಗವೇರಿತು. ಪಾಲ್ ಟೀಟ್ಜೆನ್ಸ್ ರಾಗ ಹಾಕಿದ್ದನು. ನಿರ್ದೇಶಕ ಜೂಲಿಯನ್ ಮಿಚೆಲ್ ಮೂಲವನ್ನು ಬಹುವಾಗಿ ಬದಲಿಸಿದನು. ಬೇರೆಯವರ ಹಾಡುಗಳೂ ನಡುನಡುವೆ ಬಂದು ಸೇರಿದವು. ಬಾಮ್ ಮೊದಲು ಅಸಮಾಧಾನಗೊಂಡರೂ ಜನರ ಮೆಚ್ಚುಗೆಗೆ ತಲೆಬಾಗಿದನು. ಸರ್ಕಸ್ಸಿನಲ್ಲಿ ಪಳಗಿದ ಫ್ರೆಡ್ ಸ್ಟೋನ್, ಮೈಯಲ್ಲಿ ಎಲುಬೇ ಇಲ್ಲವೆಂಬಂತೆ ಬೆದರುಗೊಂಬೆಯಾಗಿ ಕುಣಿದು ಪ್ರಸಿದ್ಧನಾದನು. 1903ರಲ್ಲಿ ನ್ಯೂಯಾರ್ಕಿಗೆ ಬಂದ ಈ ನಾಟಕ ಅಲ್ಲಿ 293 ಪ್ರದರ್ಶನಗಳನ್ನು ಕಂಡಿತು.

ಆ ಗೆಲುವು ಅವನನ್ನು ಮತ್ತೆ ರಂಗದ ಹುಚ್ಚಿಗೆ ನೂಕಿತು. 1905ರ ನಾಟಕ ಬಿದ್ದಿತು. 1908ರಲ್ಲಿ ಚಲನಚಿತ್ರ, ಬಣ್ಣದ ಸ್ಲೈಡು, ವಾದ್ಯಮೇಳಗಳನ್ನು ಕೂಡಿಸಿ ಊರೂರು ತಿರುಗಿದ ಪ್ರದರ್ಶನ ಸಾಲವನ್ನು ಹೊರಿಸಿತು. 1911ರಲ್ಲಿ ದಿವಾಳಿಯಾದನು. 1919ರ ಮೇ 6ರಂದು ಹಾಲಿವುಡ್‌ನಲ್ಲಿ ತೀರಿಕೊಂಡನು. 1939ರ ಚಲನಚಿತ್ರದಲ್ಲಿ ಹಾರ್ಬರ್ಗ್ ಬರೆದು ಆರ್ಲೆನ್ ರಾಗ ಹಾಕಿದ ಹಾಡಿಗೆ ರೇ ಬೋಲ್ಜರ್ ಬೆದರುಗೊಂಬೆಯಾಗಿ ಕುಣಿದುದನ್ನು ನೋಡಲು ಅವನಿರಲಿಲ್ಲ.

ವಿದ್ಯಾರ್ಥಿಗಳಿಗೆ ಈ ಜೀವನವನ್ನು ಹೇಳುವಾಗ ಆಬರ್ಡೀನಿನ ಪುಟವನ್ನು ಮಡಿಚಿಡಲು ನನಗೆ ಮನಸ್ಸಾಗದು. ಹಿಡಿ ಹುಲ್ಲಿನಲ್ಲಿ ಜೀವವನ್ನು ಕಂಡವನು ನೆರೆಯ ಮನುಷ್ಯರಲ್ಲಿ ಅದನ್ನು ಕಾಣದೆ ಹೋದನು. 2006ರಲ್ಲಿ ಅವನ ವಂಶಜರು ಆ ಬರಹಗಳಿಗಾಗಿ ಸೂ ಜನಾಂಗದ ಕ್ಷಮೆ ಬೇಡಿದರು. ಬಾಮ್ ಮಾಡದೆ ಉಳಿಸಿದ ಕೆಲಸವನ್ನು ಅವರು ಮಾಡಿದರೆಂದು ನನಗೆ ತೋರುತ್ತದೆ.