ಪರಿವ್ರಾಜಕನಿಗೆ ತೆರೆದ ಬಾಗಿಲು

ಕಲ್ಕತ್ತೆಯ ನರೇಂದ್ರನಾಥ ದತ್ತರು ವಿವೇಕಾನಂದರೆಂದು ಲೋಕವಿಖ್ಯಾತರಾಗುವ ಮುನ್ನ, 1892ರಲ್ಲಿ, ಒಬ್ಬಂಟಿ ಪರಿವ್ರಾಜಕರಾಗಿ ಕನ್ನಡ ನಾಡಿಗೆ ಬಂದರು. ಬೆಳಗಾವಿಯಲ್ಲಿ ಅರಣ್ಯಾಧಿಕಾರಿ ಹರಿಪದ ಮಿತ್ರ ಎಂಬವರು ಅವರನ್ನು ಮನೆಗೆ ಕರೆದು ಉಳಿಸಿಕೊಂಡರು. ಮುಂದೆ ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ ಆತಿಥ್ಯವಿತ್ತರು. ಹೊರಡುವಾಗ ದಿವಾನರು ನೀಡಬಂದ ನೋಟಿನ ಕಟ್ಟನ್ನು ಒಲ್ಲೆನೆಂದ ಸ್ವಾಮಿಗಳು, ಮುಂದಣ ಪಯಣದ ರೈಲು ಟಿಕೇಟೊಂದನ್ನು ಮಾತ್ರ ಸ್ವೀಕರಿಸಿದರು.

ಕಡಲಾಚೆಯ ಪರೀಕ್ಷೆ ಇದಕ್ಕಿಂತ ಕಠಿನವಾಗಿದ್ದಿತು. 1893ರ ಸೆಪ್ಟೆಂಬರಿನಲ್ಲಿ ಚಿಕಾಗೊ ನಗರದಲ್ಲಿಳಿದಾಗ, ಸರ್ವಧರ್ಮ ಸಮ್ಮೇಳನದ ಕಚೇರಿಯ ವಿಳಾಸವೇ ಕಳೆದುಹೋಗಿದ್ದಿತು. ರೈಲ್ವೆ ಅಂಗಳದಲ್ಲಿ ಇರುಳನ್ನು ಕಳೆದು, ಬೆಳಗ್ಗೆ ಸಿರಿವಂತರ ಬೀದಿಗಳಲ್ಲಿ ಅನ್ನವನ್ನೂ ದಾರಿಯನ್ನೂ ಕೇಳಿದರು. ಮಾಸಿದ ಕಾವಿಯನ್ನು ಕಂಡೊಡನೆ ಬಾಗಿಲುಗಳು ಮುಚ್ಚಿಕೊಂಡವು. ದಣಿದು ಬೀದಿಯ ಬದಿಯಲ್ಲಿ ಕುಳಿತವರನ್ನು ಎದುರು ಮನೆಯ ಗೃಹಿಣಿ ಶ್ರೀಮತಿ ಹೇಲ್ ಕಂಡರು. ತಾವಾಗಿ ಬಂದು ವಿಚಾರಿಸಿ, ಒಳಗೆ ಕರೆದು ಉಪಚರಿಸಿ, ಸಮ್ಮೇಳನದ ಕಚೇರಿಗೂ ಜೊತೆಯಾಗಿ ಹೋದರು.

ಸೆಪ್ಟೆಂಬರ್ 11ರಂದು ಆ ಸಭೆಯಲ್ಲಿ ಮೊಳಗಿದ ದನಿಯನ್ನು ಜಗತ್ತು ಬಲ್ಲದು. ಅದನ್ನು ವೇದಿಕೆಯವರೆಗೆ ಮುಟ್ಟಿಸಿದವರು ಹೆಸರು ಕುಲ ಕೇಳುವ ಮೊದಲೇ ಹಸಿವನ್ನು ಕಂಡ ಇಂತಹ ಗೃಹಸ್ಥರು. ಹೇಲ್ ಅವರ ಮನೆ ಅಮೆರಿಕದಲ್ಲಿ ಸ್ವಾಮಿಗಳಿಗೆ ಸ್ವಂತ ಮನೆಯಂತಾಯಿತು. ಆ ಗೃಹಿಣಿಯನ್ನು ಅವರು ತಾಯಿಯೆಂದೇ ಭಾವಿಸಿದರು.